ಓದಿನ ದಾರಿಯನ್ನು ಹಳ್ಳಿ ಕಡೆ ತಿರುಗಿಸಿದ ಎಚ್ಚೆನ್

ಬಸವನಗುಡಿಯವರಿಗೆ ಅವರು ಎಚ್ಚೆನ್. ಪೂರ್ತಿ ಹೆಸರು ಎಚ್. ನರಸಿಂಹಯ್ಯ. ಖಾದಿ ಪಂಚೆ, ಜುಬ್ಬಾ, ಗಾಂಧಿ ಟೋಪಿ. 2005ರ ಜನವರಿಯಲ್ಲಿ ತೀರಿಕೊಂಡರು. ಅವರ ಮಾತು ಬಂದರೆ ಜನ ಮೊದಲು ನೆನೆಯುವುದು ಪವಾಡಗಳ ವಿಷಯವನ್ನೇ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ದೇಶದ ತುಂಬಾ ಗಲಾಟೆಯಾಯಿತು. ಅದು ದೊಡ್ಡ ಕೆಲಸವೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಓದಬೇಕಾದರೆ ಊರು ಬಿಡಲೇಬೇಕು ಅನ್ನುವ ಸ್ಥಿತಿಯ ವಿರುದ್ಧ ಅವರು ಮಾಡಿದ ಕೆಲಸ.

ಆ ಕಷ್ಟ ಅವರ ಕಾಲಿಗೇ ಗೊತ್ತಿತ್ತು. ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬಡವರ ಮನೆ. ಊರಿನ ಶಾಲೆ ಮುಗಿಯಿತು, ಮುಂದಕ್ಕೆ ಹೈಸ್ಕೂಲಿಲ್ಲ. ಬಸ್ಸಿಗೆ ಕಾಸಿಲ್ಲ. 1935ರಲ್ಲಿ ಹುಡುಗ ಬೆಂಗಳೂರಿಗೆ ನಡೆದೇ ಹೊರಟ. ಸುಮಾರು 80 ಕಿಲೋಮೀಟರ್, ಎರಡು ದಿನದ ದಾರಿ. ಬಂದು ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ.

ಆ ಶಾಲೆಯ ಹುಟ್ಟಿಗೂ ಒಂದು ಹಿನ್ನೆಲೆ ಇದೆ. ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಚಳವಳಿಯ ಪ್ರೇರಣೆಯಿಂದ 1917ರಲ್ಲಿ ಶುರುವಾದದ್ದು ಅದು. ಬ್ರಿಟಿಷರ ಕಚೇರಿಗೆ ಗುಮಾಸ್ತರನ್ನು ತಯಾರು ಮಾಡುವ ಓದು ಸಾಕು, ದೇಶಕ್ಕೆ ಬೇಕಾದ ಓದು ಕೊಡೋಣ ಅನ್ನುವುದು ಆ ಚಳವಳಿಯ ಆಸೆ. ಎಚ್ಚೆನ್ ಅದನ್ನು ಅಕ್ಷರಶಃ ತೆಗೆದುಕೊಂಡರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಸೇರಿದರು. ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಓದು ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಅದೇ ಕಾಲೇಜಿಗೆ ವಾಪಸ್ ಬಂದರು, ಪ್ರಿನ್ಸಿಪಾಲರೂ ಆದರು. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ದಶಕಗಳ ಕಾಲ ಇದ್ದರು. ಕುಲಪತಿಯಾದಾಗಲೂ ಆ ಕೋಣೆ ಬಿಡಲಿಲ್ಲ.

ಇಷ್ಟು ಓದಿದವರು ಬೆಂಗಳೂರಿನಲ್ಲೇ ಇನ್ನೊಂದಷ್ಟು ಕಾಲೇಜು ಕಟ್ಟಿ ಸುಮ್ಮನಿರಬಹುದಿತ್ತು. ಅವರು ನ್ಯಾಷನಲ್ ಹೈಸ್ಕೂಲು, ಕಾಲೇಜುಗಳನ್ನು ನಡೆಸುವ ನ್ಯಾಷನಲ್ ಎಜುಕೇಷನ್ ಸೊಸೈಟಿಯನ್ನು ತಮ್ಮ ಸೀಮೆಯ ಕಡೆಗೂ ಕರೆದುಕೊಂಡು ಹೋದರು. ಗೌರಿಬಿದನೂರಿನಲ್ಲಿ ಕಾಲೇಜು, ಬಾಗೇಪಲ್ಲಿಯಲ್ಲಿ ಕಾಲೇಜು. ಆಗ ಎರಡೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಮಳೆ ನಂಬಿ ಬದುಕುವ ಸೀಮೆ. ಬಾಗೇಪಲ್ಲಿಯಂತೂ ಆಂಧ್ರದ ಗಡಿ, ಮನೆಮಾತು ಬಹಳ ಕಡೆ ತೆಲುಗು.

ತಾಲ್ಲೂಕು ಊರಿನಲ್ಲಿ ಒಂದು ಕಾಲೇಜಿದ್ದರೆ ಏನಾಗುತ್ತದೆ? ಹಟವಿರುವ ಹುಡುಗ ಹೇಗೋ ಎರಡು ದಿನ ನಡೆದು ಪಟ್ಟಣ ಸೇರುತ್ತಾನೆ. ಅವನ ತಂಗಿಯನ್ನು ಯಾರು ಹಾಗೆ ಕಳಿಸುತ್ತಾರೆ? ಅವಳ ಓದು ಊರಿನ ಶಾಲೆಗೇ ನಿಲ್ಲುತ್ತದೆ, ಅಲ್ವಾ? ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವಷ್ಟು ಹತ್ತಿರ ಕಾಲೇಜಿದ್ದರೆ ಅಪ್ಪ ಅಮ್ಮ ಒಪ್ಪುತ್ತಾರೆ. ಹಾಸ್ಟೆಲ್ ಖರ್ಚಿಲ್ಲ, ಸುಗ್ಗಿಯಲ್ಲಿ ಮನೆಗೆ ಒಂದು ಕೈ ಆಸರೆಯೂ ತಪ್ಪುವುದಿಲ್ಲ. ರಸ್ತೆ, ಬಾವಿಗಳಷ್ಟೇ ಇದೂ ಊರಿನ ಅಭಿವೃದ್ಧಿ ಎಂದು ನಾನು ನಂಬುತ್ತೇನೆ.

ಬೆಂಗಳೂರಿನಲ್ಲೂ ಅವರು ಕಾಲೇಜಿನ ಗೇಟು ಮುಚ್ಚಿಡಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಿಜ್ಞಾನಿಗಳು ಬಂದು ಮಾತಾಡುತ್ತಾರೆ, ಯಾರು ಬೇಕಾದರೂ ಬಂದು ಕೂರಬಹುದು. ಟಿಕೆಟ್ ಇಲ್ಲ, ಸರ್ಟಿಫಿಕೇಟ್ ಕೇಳುವವರಿಲ್ಲ. ಪಿಯುಸಿ ಹುಡುಗಿಯ ಪಕ್ಕದಲ್ಲಿ ರಿಟೈರಾದ ಬ್ಯಾಂಕ್ ನೌಕರ ಕೂತು ನಕ್ಷತ್ರಗಳ ಬಗ್ಗೆ ಕೇಳಬಹುದು, ಕೊನೆಗೆ ಎದ್ದು ಪ್ರಶ್ನೆಯನ್ನೂ ಹಾಕಬಹುದು. ಪ್ರಶ್ನೆ ಕೇಳುವ ಅಭ್ಯಾಸ ಕ್ಲಾಸಿನ ಹೊರಗೂ ಬೆಳೆಯಬೇಕು ಅನ್ನುವುದು ಎಚ್ಚೆನ್ ಅವರ ಹಟವಾಗಿತ್ತು. ಫೋರಂ ಅವರ ನಂತರವೂ ನಡೆಯುತ್ತಿದೆ, ಪ್ರತಿ ಜುಲೈನಲ್ಲಿ ಉಪನ್ಯಾಸಗಳ ಹಬ್ಬವನ್ನೇ ಮಾಡುತ್ತದೆ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ಕಾಲೇಜು ಅಲ್ಲೇ ಹತ್ತಿರ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.