ಕಾಲೇಜಿಗಾಗಿ ಆಡುವವರಿಗೆ ಸಂಬಳ ಕೊಡಬೇಕಾ?

ಪೆರ್ಲದ ಓದುಗರೊಬ್ಬರ ಪ್ರಶ್ನೆ: "ಮಗ ಕಾಲೇಜಿನ ಕಬಡ್ಡಿ ಟೀಮಿನಲ್ಲಿದ್ದಾನೆ. ಅಮೆರಿಕದಲ್ಲಿ ಹೀಗೆ ಆಡುವವರಿಗೆ ದುಡ್ಡು ಕೊಡ್ತಾರಂತೆ. ನಮ್ಮಲ್ಲಿ ಯಾಕಿಲ್ಲ?"

ಹೌದು, ಅಲ್ಲಿ ಈಗ ಕೊಡುತ್ತಾರೆ. ಆದರೆ ಅದು ಸುಮ್ನೆ ಬಂದದ್ದಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನವೊಂದರಲ್ಲೇ 1 ಲಕ್ಷಕ್ಕಿಂತ ಜಾಸ್ತಿ ಜನ ಕೂರಬಹುದು. (ಅವರ ಫುಟ್‌ಬಾಲ್ ಚೆಂಡನ್ನು ಕಂಕುಳಲ್ಲಿಟ್ಟು ಓಡುವ ಆಟ, ಅದಿರಲಿ.) ಟಿಕೆಟ್, ಟಿವಿ ಹಕ್ಕು ಅಂತ ಕೋಟಿಗಟ್ಟಲೆ ಡಾಲರ್ ಬರುತ್ತದೆ. ಕೋಚಿಗೂ ಕೋಟಿ. ಆದರೆ ಆಡಿದವನಿಗೆ ಮೊದಲು ಸಿಗುತ್ತಿದ್ದದ್ದು ಬರೀ ಫೀಸು, ಹಾಸ್ಟೆಲು, ಊಟ. 'ಇವರು ವಿದ್ಯಾರ್ಥಿಗಳು, ದುಡ್ಡಿಗಾಗಿ ಆಡುವವರಲ್ಲ' ಎನ್ನುವುದು ಕಾಲೇಜು ಆಟ ನಡೆಸುವ ಎನ್‌ಸಿಎಎ ಸಂಸ್ಥೆಯ ಹಳೇ ವಾದ. ಓದಿಗೆ ಕೊಡುವ ನೆರವಿಗೂ ಅದು ಮಿತಿ ಹಾಕಿತ್ತು. 2021ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದೇ ದನಿಯಲ್ಲಿ ಆ ಮಿತಿ ತಪ್ಪೆಂದಿತು. ಮರುತಿಂಗಳೇ ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ಗಳಿಸಬಹುದು ಎಂದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ದೊಡ್ಡ ಪಾಲು ಫುಟ್‌ಬಾಲು, ಬಾಸ್ಕೆಟ್‌ಬಾಲಿಗೆ. ಈಜುವವರಿಗೆ, ಓಡುವವರಿಗೆ ಚಿಲ್ಲರೆ.

ಇನ್ನು ನಮ್ಮ ಕಾಸರಗೋಡು. ಕಣ್ಣೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಕಬಡ್ಡಿಯನ್ನು ದುಡ್ಡು ಕೊಟ್ಟು ನೋಡುವವರು ಯಾರು? ಹೆಚ್ಚೆಂದರೆ ಎದುರು ಟೀಮಿನ ನಾಲ್ಕು ದೋಸ್ತಿಗಳು ಬಂದಾರು. ಲಾಭವೇ ಇಲ್ಲದಲ್ಲಿ ಪಾಲು ಕೇಳುವುದು ಹೇಗೆ? ಹಾಗಾಗಿ ಸಂಬಳ ಬೇಕು ಅಂತ ನಾನು ಹೇಳಲಾರೆ.

ಆದರೆ ಅದೇ ಹುಡುಗ ಶನಿವಾರ ರಾತ್ರಿ ಹೊನಲು ಬೆಳಕಿನ ಪಂದ್ಯಾಟದಲ್ಲಿ ಊರಿನ ಕ್ಲಬ್ಬಿಗೆ ಆಡಲಿ, ಒಳ್ಳೆಯ ರೈಡರ್ ಆದರೆ ಕೈಗೆ ನೋಟು ಬರುತ್ತದೆ. ಟೀಮಿಗೆ ಏಳೇ ಜನ ಆಡುವ ಸೆವೆನ್ಸ್ ಫುಟ್‌ಬಾಲಿನಲ್ಲೂ ಹಾಗೆಯೇ. ಅಲ್ಲಿ ನಗದು ಬಹುಮಾನ ಉಂಟು, ಫ್ಲೆಕ್ಸಿನಲ್ಲಿ ಅಂಗಡಿಯವರ ಹೆಸರು ಉಂಟು. ಅಮೆರಿಕದವರು ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿದು ಮಾಡಿದ್ದನ್ನು ನಮ್ಮ ಕ್ಲಬ್ಬಿನವರು ಒಂದು ಚಹಾ ಕುಡಿಯುವುದರೊಳಗೆ ಮುಗಿಸುತ್ತಾರೆ!

ಕಾಲೇಜು ಕೊಡಬೇಕಾದದ್ದು ಬೇರೆ. ಬಸ್ ಚಾರ್ಜು, ಹೊಟ್ಟೆ ತುಂಬ ಊಟ, ಎಲ್ಲಕ್ಕಿಂತ ಮುಖ್ಯವಾಗಿ ಪೆಟ್ಟಾದಾಗ ಚಿಕಿತ್ಸೆ. ನಾನು ಡಿಗ್ರಿಯಲ್ಲಿದ್ದಾಗ ವಾಲಿಬಾಲ್ ಫೈನಲಿನಲ್ಲಿ ಕಾಲು ಮುರಿದುಕೊಂಡೆ. ಟ್ರೋಫಿ ಪ್ರಿನ್ಸಿಪಾಲರ ಕಪಾಟಿಗೆ ಹೋಯಿತು, ಎಕ್ಸ್‌ರೇ ಬಿಲ್ಲು ಅಪ್ಪನ ಕೈಗೆ. ಕಬಡ್ಡಿಯಲ್ಲಂತೂ ಮಂಡಿಯ ಲಿಗಮೆಂಟ್ ಹರಿದರೆ ಮಂಗಳೂರಿಗೆ ಓಡಬೇಕು, ಆಪರೇಷನ್ನು, ತಿಂಗಳುಗಟ್ಟಲೆ ಮನೆಯಲ್ಲಿ. ಸ್ಪೋರ್ಟ್ಸ್ ಕೋಟಾ, ಗ್ರೇಸ್ ಮಾರ್ಕು ಇದಕ್ಕೆ ಆಗಿ ಬರುವುದಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾಕ್ಕೆ ಆಯ್ಕೆಯಾದರೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ ಸಿಗುತ್ತದೆ, ಆದರೆ ಆ ಬಾಗಿಲು ಕೆಲವರಿಗೆ ಮಾತ್ರ.

ಮಗ ಮುಂದಿನ ಆಟಕ್ಕೆ ಹೊರಡುವ ಮೊದಲು ಪಿ.ಟಿ. ಮಾಸ್ಟ್ರ ಹತ್ತಿರ ಕೇಳಿ, ಟೀಮಿಗೆ ಇನ್ಶೂರೆನ್ಸ್ ಉಂಟಾ ಅಂತ. ಕ್ಲಬ್ಬಿನವರ ಹತ್ತಿರವೂ ಅದನ್ನೇ ಕೇಳಿ. ನೋಟು ಕೊಡುವವರೆಲ್ಲ ಆಸ್ಪತ್ರೆಗೆ ಬರುವುದಿಲ್ಲ, ಅಲ್ವಾ?