ಐದು ಸ್ವರಾಕ್ಷರಗಳು ಸಾಲಾಗಿ ನಿಲ್ಲುವ ಇಂಗ್ಲಿಷ್ ಪದಗಳು

ಓದುಗರ ಪ್ರಶ್ನೆ: ಎ, ಇ, ಐ, ಓ, ಯು ಎಂಬ ಐದು ಸ್ವರಾಕ್ಷರಗಳೂ ಇದೇ ಕ್ರಮದಲ್ಲಿ, ಒಂದೊಂದು ಒಂದೇ ಸಲ ಬರುವ ಉದ್ದನೆಯ ಇಂಗ್ಲಿಷ್ ಪದಗಳಿವೆಯೇ? ಇದ್ದರೆ ಅವುಗಳ ಅರ್ಥವೇನು? ಅವು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಮುಗಿಯುವುದೇಕೆ?

ಇವೆ, ಆದರೆ ತೀರ ಕಡಿಮೆ. ಸಾಮಾನ್ಯ ಬರವಣಿಗೆಯಲ್ಲಿ ನಿಮಗೆ ಎದುರಾಗುವಂಥವು ಎರಡೇ ಎಂದರೂ ತಪ್ಪಾಗದು: 9 ಅಕ್ಷರಗಳ ‘ಫಸೀಷಸ್’ ಮತ್ತು 10 ಅಕ್ಷರಗಳ ‘ಅಬ್‌ಸ್ಟೀಮಿಯಸ್’. ಕ್ರಮದ ಷರತ್ತನ್ನು ಕೈಬಿಟ್ಟರೆ ಹುಡುಕಾಟ ಸುಲಭವಾಗುತ್ತದೆ. ಎಜುಕೇಷನ್, ಈಕ್ವೇಷನ್, ಕಾಲಿಫ್ಲವರ್, ನ್ಯುಮೋನಿಯಾ ಇವೆಲ್ಲವುಗಳ ಇಂಗ್ಲಿಷ್ ಕಾಗುಣಿತದಲ್ಲಿ ಐದು ಸ್ವರಾಕ್ಷರಗಳೂ ಒಂದೊಂದು ಸಲ ಇವೆ, ಆದರೆ ಹಿಂದುಮುಂದಾಗಿವೆ.

ಇಲ್ಲಿ ಎಣಿಸುತ್ತಿರುವುದು ಅಕ್ಷರಗಳನ್ನೇ ಹೊರತು ಉಚ್ಚಾರಣೆಯನ್ನಲ್ಲ ಎಂಬುದನ್ನು ನೆನಪಿಡಬೇಕು. ‘ಫಸೀಷಸ್’ ಎಂದು ಹೇಳುವಾಗ ಬಾಯಿಂದ ಹೊರಡುವ ಸ್ವರಗಳು ಮೂರೇ. ಎಫ್-ಎ-ಸಿ-ಇ-ಟಿ-ಐ-ಓ-ಯು-ಎಸ್ ಎಂದು ಬಿಡಿಬಿಡಿಯಾಗಿ ಬರೆದಾಗ ಮಾತ್ರ ಐದೂ ಕಾಣಿಸುತ್ತವೆ. ಕೊನೆಯ ಐದು ಅಕ್ಷರಗಳು ಸೇರಿ ‘ಷಸ್’ ಎಂಬ ಒಂದೇ ಸದ್ದಾಗಿ ಕರಗಿಹೋಗುತ್ತವೆ. ಬರೆದಂತೆ ಓದುವ ಲಿಪಿಗೆ ಒಗ್ಗಿಕೊಂಡ ನಮಗೆ ಇದು ಸ್ವಲ್ಪ ವಿಚಿತ್ರವಾಗಿಯೇ ತೋರುತ್ತದೆ.

ಗುಟ್ಟು ಇರುವುದು ಪದದ ಬಾಲದಲ್ಲಿ. ಐ-ಓ-ಯು-ಎಸ್ ಎಂಬುದು ಗುಣವಾಚಕಗಳನ್ನು ಮಾಡುವ ಪ್ರತ್ಯಯ. ಲ್ಯಾಟಿನ್ ಭಾಷೆಯಲ್ಲಿ ‘ಇಂಥದ್ದರಿಂದ ತುಂಬಿದ’ ಎಂಬ ಅರ್ಥ ಕೊಡುತ್ತಿದ್ದ ‘ಇಯೋಸುಸ್’ ಎಂಬ ಅಂತ್ಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಈ ರೂಪ ತಾಳಿತು; ‘ಇಯುಸ್’ ಎಂದು ಮುಗಿಯುತ್ತಿದ್ದ ಲ್ಯಾಟಿನ್ ಪದಗಳೂ ಇಂಗ್ಲಿಷಿನಲ್ಲಿ ಇದೇ ಅಚ್ಚಿಗೆ ಹೊಂದಿಕೊಂಡವು. ಹೀಗಾಗಿ ಐದರಲ್ಲಿ ಮೂರು ಸ್ವರಾಕ್ಷರಗಳು ಬಾಲದಲ್ಲಿಯೇ, ಅದೂ ಸರಿಯಾದ ಕ್ರಮದಲ್ಲಿ, ಸಿದ್ಧವಾಗಿ ಸಿಗುತ್ತವೆ. ಮುಂದಿನ ಭಾಗದಲ್ಲಿ ಮೊದಲು ಎ, ಬಳಿಕ ಇ ಬಂದು, ಬೇರೆ ಸ್ವರಾಕ್ಷರ ಇರದಿದ್ದರೆ ಸಾಕು. ಆದ್ದರಿಂದ ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಹುಟ್ಟುವಾಗ ಮಗುವಿನ ಹೃದಯದ ಬಳಿ ಇದ್ದು, ಆನಂತರ ತಾನಾಗಿ ಮುಚ್ಚಿಕೊಳ್ಳುವ ರಕ್ತನಾಳವನ್ನು ವೈದ್ಯರು ‘ಡಕ್ಟಸ್ ಆರ್ಟೀರಿಯೋಸಸ್’ ಎನ್ನುತ್ತಾರೆ. ಇದರ ಎರಡನೆಯ ಪದ ಇನ್ನೂ ಲ್ಯಾಟಿನ್ ಉಡುಪಿನಲ್ಲಿಯೇ ಇದೆ. ಅದರಲ್ಲಿಯೂ ಐದು ಸ್ವರಾಕ್ಷರಗಳು ಇದೇ ಕ್ರಮದಲ್ಲಿ ನಿಂತಿವೆ.

ಇನ್ನು ಅರ್ಥ. ಗಂಭೀರವಾಗಿ ಮಾತನಾಡಬೇಕಾದಲ್ಲಿ ಕುಚೋದ್ಯ ಮಾಡುವವನ ಮಾತನ್ನು ಫಸೀಷಸ್ ಎನ್ನುತ್ತಾರೆ. ಆದರೆ ಈ ಪದ ಮೊದಲಿನಿಂದಲೂ ಇಷ್ಟು ಹಗುರವಾಗಿರಲಿಲ್ಲ. ಮೂಲದ ಲ್ಯಾಟಿನ್ ಪದ ನಯವಾದ, ಸುಸಂಸ್ಕೃತ ಚತುರೋಕ್ತಿಯನ್ನು ಸೂಚಿಸುತ್ತಿತ್ತು, ಇಂಗ್ಲಿಷಿನಲ್ಲಿಯೂ ಹಿಂದೆ ಅದು ಹೊಗಳಿಕೆಯೇ ಆಗಿತ್ತು. ಈಗ ಯಾರನ್ನಾದರೂ ಹಾಗೆ ಕರೆದರೆ ಅದರಲ್ಲಿ ಸಣ್ಣದೊಂದು ಗದರಿಕೆ ಇರುತ್ತದೆ.

ಅಬ್‌ಸ್ಟೀಮಿಯಸ್ ಎಂದರೆ ಊಟ ಮತ್ತು ಪಾನೀಯಗಳಲ್ಲಿ, ವಿಶೇಷವಾಗಿ ಮದ್ಯದ ವಿಷಯದಲ್ಲಿ, ಮಿತವಾಗಿರುವ ಎಂದರ್ಥ. ‘ಅಬ್‌ಸ್’ ಎಂದರೆ ದೂರ. ‘ತೇಮೇತುಮ್’ ಎಂಬುದು ಅಮಲೇರಿಸುವ ಪಾನೀಯಕ್ಕೆ ಲ್ಯಾಟಿನ್ ಹೆಸರು. ವರ್ಜಿಸು ಎಂಬ ಅರ್ಥದ ‘ಅಬ್‌ಸ್ಟೇನ್’ ಇದರ ಒಡಹುಟ್ಟು ಎಂದು ಅನೇಕರು ಭಾವಿಸುತ್ತಾರೆ, ರೂಪ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಅಬ್‌ಸ್ಟೇನ್ ಬಂದದ್ದು ‘ಹಿಡಿ’ ಎಂಬ ಅರ್ಥದ ಬೇರೊಂದು ಧಾತುವಿನಿಂದ. ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು ಅದರ ಮೂಲಾರ್ಥ. ಆ ಧಾತುವಿನ ಕುಟುಂಬದಿಂದಲೇ 11 ಅಕ್ಷರಗಳ ‘ಅಬ್‌ಸ್ಟೆನ್‌ಷಸ್’ ಎಂಬ ಅಪರೂಪದ ಪದವೂ ಹುಟ್ಟಿದೆ. ಸ್ವನಿಯಂತ್ರಣವುಳ್ಳ ಎಂಬ ಅರ್ಥದ ಆ ಪದದಲ್ಲಿಯೂ ಐದು ಸ್ವರಾಕ್ಷರಗಳು ಸಾಲಾಗಿಯೇ ಬರುತ್ತವೆ. ಬೇರೆ ಬೇರೆ ಬೇರಿನ ಎರಡು ಪದಗಳು ರೂಪದಲ್ಲಿಯೂ ಅರ್ಥದಲ್ಲಿಯೂ ಇಷ್ಟು ಹತ್ತಿರ ಬಂದದ್ದು, ನನ್ನ ಮಟ್ಟಿಗೆ, ಸ್ವರಾಕ್ಷರಗಳ ಸಾಲಿಗಿಂತಲೂ ಸ್ವಾರಸ್ಯಕರ ಸಂಗತಿ.

ಉಳಿದವು ಶಾಸ್ತ್ರಗ್ರಂಥಗಳ ಪದಗಳು. ‘ಆರ್ಸೀನಿಯಸ್’ ಎಂದರೆ ಪಾಷಾಣದ ಮೂಲಧಾತುವಾದ ಆರ್ಸೆನಿಕ್‌ಗೆ, ಅದರಲ್ಲಿಯೂ ಅದರ ಕೆಳಗಿನ ಉತ್ಕರ್ಷಣ ಸ್ಥಿತಿಯ, ಎಂದರೆ ಆಮ್ಲಜನಕದಂಥವುಗಳೊಡನೆ ಕಡಿಮೆ ಪ್ರಮಾಣದಲ್ಲಿ ಕೂಡಿಕೊಂಡ, ಸಂಯುಕ್ತಗಳಿಗೆ, ಸಂಬಂಧಿಸಿದ್ದು. ಆಮ್ಲಜನಕ ಕಡಿಮೆ ಇರುವ ಆಮ್ಲಕ್ಕೆ ಒಂದು ಅಂತ್ಯ, ಹೆಚ್ಚು ಇರುವುದಕ್ಕೆ ಇನ್ನೊಂದು ಎಂಬ ಪದ್ಧತಿಯನ್ನು ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ ಮತ್ತು ಅವನ ಸಂಗಡಿಗರು 1787ರಲ್ಲಿ ಪ್ರಕಟಿಸಿದರು. ಸಲ್ಫ್ಯುರಸ್, ಸಲ್ಫ್ಯೂರಿಕ್ ಎಂಬ ಜೋಡಿ ಅದರದ್ದೇ ಫಲ. ಈಗ ಐ ಅಕ್ಷರವಿಲ್ಲದ ‘ಆರ್ಸೆನಸ್’ ಎಂಬ ರೂಪವೂ ಬಳಕೆಯಲ್ಲಿದೆ. ಅದನ್ನು ಆರಿಸಿಕೊಂಡರೆ ನಮ್ಮ ಆಟ ಅಲ್ಲಿಗೆ ಕೆಟ್ಟಿತು. 8 ಅಕ್ಷರಗಳ ‘ಸೀಸಿಯಸ್’ ಎಂಬುದು ನೀಲಿ ಬೆರೆತ ಬೂದುಬಣ್ಣವನ್ನು ಹೇಳಲು ಸಸ್ಯವಿಜ್ಞಾನಿಗಳು ಬಳಸುವ ಪದ. 1860ರಲ್ಲಿ ಜರ್ಮನ್ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ ಕಂಡುಹಿಡಿದ ಸೀಸಿಯಂ ಧಾತುವಿನ ಹೆಸರೂ ಅದೇ ಲ್ಯಾಟಿನ್ ಪದದಿಂದ ಬಂದದ್ದು, ಏಕೆಂದರೆ ಅದರ ರೋಹಿತದಲ್ಲಿ, ಎಂದರೆ ಅದು ಸೂಸುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ, ನೀಲಿ ಗೆರೆಗಳು ಎದ್ದು ಕಾಣುತ್ತಿದ್ದವು.

ಸಾಲು ತಿರುಗಿಸಿ ಯು, ಓ, ಐ, ಇ, ಎ ಎಂದು ಹುಡುಕಿದರೆ ಸಿಗುವ ಪದಗಳು ಇನ್ನೂ ಉದ್ದ. ಉಪಖಂಡಕ್ಕೆ ಸಂಬಂಧಿಸಿದ ಎಂಬ ಅರ್ಥದ ‘ಸಬ್‌ಕಾಂಟಿನೆಂಟಲ್’ 14 ಅಕ್ಷರಗಳದ್ದು, ಮೆಚ್ಚುಗೆಯಿಲ್ಲದ ಅಥವಾ ಹೀಗಳೆಯುವ ಎಂಬ ಅರ್ಥದ ‘ಅನ್‌ಕಾಂಪ್ಲಿಮೆಂಟರಿ’ 15 ಅಕ್ಷರಗಳದ್ದು. ಇಲ್ಲಿ ಕೆಲಸ ಮಾಡಿರುವುದು ಬಾಲವೊಂದೇ ಅಲ್ಲ: ಮೊದಲ ಉಪಸರ್ಗ ಯು ಕೊಡುತ್ತದೆ, ಎರಡನೆಯದು ಓ ಕೊಡುತ್ತದೆ, ಕೊನೆಯ ಭಾಗ ಇ ಮತ್ತು ಎ ಎರಡನ್ನೂ ತರುತ್ತದೆ, ನಡುವಿನ ಧಾತು ಒದಗಿಸಬೇಕಾದದ್ದು ಐ ಒಂದನ್ನೇ.

ವೈ ಅಕ್ಷರವನ್ನೂ ಸ್ವರಗಳ ಪಂಕ್ತಿಗೆ ಸೇರಿಸುವವರು ಫಸೀಷಸ್ ಮತ್ತು ಅಬ್‌ಸ್ಟೀಮಿಯಸ್ ಪದಗಳಿಗೆ ಎಲ್-ವೈ ಹಚ್ಚಿ ಕ್ರಿಯಾವಿಶೇಷಣ ಮಾಡಿಕೊಳ್ಳಬಹುದು. ಆಗ ಅಕ್ಷರಸಂಖ್ಯೆ ಕ್ರಮವಾಗಿ 11 ಮತ್ತು 12 ಆಗುತ್ತದೆ, ಆರು ಸ್ವರಾಕ್ಷರಗಳೂ ಕ್ರಮ ತಪ್ಪದೆ ಬರುತ್ತವೆ. ಅನ್‌ಕಾಂಪ್ಲಿಮೆಂಟರಿಯ ಕೊನೆಯಲ್ಲಿಯೂ ಒಂದು ವೈ ಇದೆ, ಆದರೆ ತಿರುಗಿದ ಸಾಲಿನಲ್ಲಿ ಅದು ಎಲ್ಲಕ್ಕಿಂತ ಮೊದಲು ಬರಬೇಕಾಗಿತ್ತು.