ಸರ್ವೋ ಕಂಟ್ರೋಲರ್ ಅಂದ್ರೆ ಯಾವುದು, ಯಾವುದಲ್ಲ

ಸಣ್ಣ ಡಿಸಿ ಮೋಟರ್ ತಿರುಗಿಸುವ ಬೋರ್ಡ್ ಯಾವುದೇ ಇರಲಿ, ಅದಕ್ಕೆ 'ಸರ್ವೋ ಕಂಟ್ರೋಲರ್' ಅನ್ನುವ ಚಾಳಿ ಜಾಸ್ತಿಯಾಗಿದೆ. ಮೊನ್ನೆ ಎಲ್298ಎನ್ ಬೋರ್ಡಿನ ಫೋಟೋ ಕೆಳಗೂ ಇದೇ ಹೆಸರು ಕಂಡಿತು. ಅದು ಬರೀ ಡ್ರೈವರ್, ಅಂದ್ರೆ ಹೇಳಿದಷ್ಟು ಕರೆಂಟನ್ನು ಮೋಟರಿಗೆ ಹಾಯಿಸುವ ಬೋರ್ಡ್. ಒಳಗಿರುವುದು ಎರಡು ಎಚ್-ಬ್ರಿಡ್ಜ್ (ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ಸ್ವಿಚ್ ಜೋಡಣೆ), ಅಷ್ಟೇ.

ವ್ಯತ್ಯಾಸ ಬೇಕಿದ್ದರೆ ಮೋಟರ್ ಶಾಫ್ಟನ್ನು ಬೆರಳಲ್ಲಿ ಹಿಡಿದು ನೋಡಿ (ಮೋಟರ್ ಪುಟ್ಟದಿದ್ದರೆ ಮಾತ್ರ). ಡ್ರೈವರ್ 50% ಪಿಡಬ್ಲ್ಯುಎಂ (ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಆಗುವ ವೇಗದ ಪಲ್ಸ್) ಕೊಡುತ್ತಿದ್ದರೆ ಮೋಟರ್ ನಿಧಾನವಾಗುತ್ತದೆ, ಡ್ರೈವರ್ ಮಾತ್ರ ಅದೇ 50% ಕೊಡುತ್ತಲೇ ಇರುತ್ತದೆ, ಏಕೆಂದರೆ ಶಾಫ್ಟ್ ಏನು ಮಾಡುತ್ತಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಸರ್ವೋ ಕಂಟ್ರೋಲರ್ ಹಾಗಲ್ಲ. ಶಾಫ್ಟ್ ಎಷ್ಟು ತಿರುಗಿತು ಅಂತ ತಿಳಿಸುವ ಎನ್‌ಕೋಡರ್ ಓದುತ್ತದೆ, ಎಲ್ಲಿರಬೇಕಿತ್ತು, ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ, ಕರೆಂಟ್ ಏರಿಸಿ ನಿಮ್ಮ ಬೆರಳಿನ ವಿರುದ್ಧ ತಳ್ಳುತ್ತದೆ. ಇದನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುವ ಬೋರ್ಡ್‌ಗಳೂ ಇವೆ. ಹೀಗೆ ನೋಡಿ ತಿದ್ದುವ ಕೆಲಸ ಇಲ್ಲದಿದ್ದರೆ ಸರ್ವೋ ಅನ್ನಬೇಡಿ.

ಹಾಗೆ ನೋಡಿದರೆ ಸರ್ವೋ ಅನ್ನುವುದು ಮೋಟರಿನ ಜಾತಿಯೇ ಅಲ್ಲ. 1870ರ ದಶಕದಲ್ಲಿ ಫ್ರಾನ್ಸಿನ ಎಂಜಿನಿಯರ್ ಫಾರ್ಕೊ 'ಸರ್ವೋ-ಮೋಟರ್' ಅಂತ ಕರೆದದ್ದು ಹಡಗಿನ ಚುಕ್ಕಾಣಿ ತಿರುಗಿಸುವ ಉಗಿ ಯಂತ್ರವನ್ನು. ಅದರಲ್ಲಿ ವಿದ್ಯುತ್ತಿನ ಮಾತೇ ಇರಲಿಲ್ಲ.

ಇನ್ನೊಂದು ಕಿರಿಕಿರಿ, 'ಹದಿನಾರು ಚಾನೆಲ್ ಸರ್ವೋ ಕಂಟ್ರೋಲರ್'. ಪಿಸಿಎ9685 ಚಿಪ್ ಇರುವ ಆ ಬೋರ್ಡ್ ಸುಮ್ನೆ ಪಲ್ಸ್ ಕಳಿಸುತ್ತದೆ. 20 ಮಿಲಿಸೆಕೆಂಡಿಗೊಂದು, ಸುಮಾರು 1ರಿಂದ 2 ಮಿಲಿಸೆಕೆಂಡ್ ಅಗಲದ್ದು. ಆ ಅಗಲ ಹೇಳುವ ಕೋನಕ್ಕೆ ಆಟಿಕೆ ವಿಮಾನದ ಸರ್ವೋ ತಲುಪಿತೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಕೋನ ತಿಳಿಸುವ ಪೊಟೆನ್ಶಿಯೋಮೀಟರ್ ನೋಡಿ ತಿದ್ದುವ ನಿಜವಾದ ಕಂಟ್ರೋಲರ್ ಇರುವುದು ಆ ಸರ್ವೋ ಡಬ್ಬಿಯೊಳಗೆ. ಅಂದಹಾಗೆ, ಪಿಸಿಎ9685 ಮಾಡಿದ್ದು ಎಲ್‌ಇಡಿ ಬೆಳಗಿಸಲು!

ಸ್ಟೆಪ್ ಮತ್ತು ಡೈರೆಕ್ಷನ್ ಪಿನ್ ಕಂಡ ತಕ್ಷಣ ಸ್ಟೆಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಡ್ರೈವರ್ ಅಂದುಕೊಳ್ಳುವವರೂ ಇದ್ದಾರೆ. ಬಹಳಷ್ಟು ಪುಟ್ಟ ಸರ್ವೋ ಕಂಟ್ರೋಲರ್‌ಗಳಲ್ಲೂ ಅದೇ ಪಿನ್ ಇರುತ್ತವೆ. ಎ, ಬಿ ಅಂತ ಎನ್‌ಕೋಡರಿಗೆ ಜಾಗ ಇದೆಯಾ ನೋಡಿ. 500 ಗೆರೆಯ ಎನ್‌ಕೋಡರ್ ಆದರೆ ಗೆರೆಗೆ ನಾಲ್ಕರಂತೆ ಒಂದು ಸುತ್ತಿಗೆ 2000 ಎಣಿಕೆ ಸಿಗುತ್ತದೆ, ಅಂದರೆ ಎಣಿಕೆಗೆ 0.18 ಡಿಗ್ರಿ.

ಆ ಎ, ಬಿ ತಂತಿ ಅದಲುಬದಲಾದರೆ ಮಾತ್ರ ಕಥೆ ಬೇರೆ. ಮೋಟರ್ ಮುಂದೆ ಹೋದಷ್ಟೂ ಹಿಂದೆ ಹೋಯಿತು ಅಂತ ಕಂಟ್ರೋಲರ್ ತಿಳಿದುಕೊಳ್ಳುತ್ತದೆ, ಸರಿಪಡಿಸಲು ಇನ್ನೂ ಜೋರಾಗಿ ಮುಂದೆ ತಳ್ಳುತ್ತದೆ. ಶಾಫ್ಟ್ ಪೂರ್ತಿ ವೇಗದಲ್ಲಿ ಓಡತೊಡಗುತ್ತದೆ. ಒಳ್ಳೆಯ ಬೋರ್ಡ್ ಆದರೆ ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ವ್ಯತ್ಯಾಸ ಮಿತಿ ಮೀರಿದ ಕೂಡಲೇ ಕರೆಂಟ್ ನಿಲ್ಲಿಸಿ ಫಾಲ್ಟ್ ತೋರಿಸುತ್ತದೆ. ಹೊಸದಾಗಿ ತಂತಿ ಜೋಡಿಸಿದಾಗ ಆ ಮಿತಿಯನ್ನು ಚಿಕ್ಕದಾಗಿಯೇ ಇಟ್ಟು, ಮೋಟರಿಗೆ ಬೆಲ್ಟ್ ಹಾಕುವ ಮೊದಲೇ ಪರೀಕ್ಷಿಸಿ.